ಮಗಳಿಗೊಂದು ಪತ್ರ: ಗಾಳಿಯ ಹೆಸರು, ನೀರಿನ ಕೆಲಸ

ಪುಟ್ಟಿ,

ನಿನ್ನೆ ಫೋನಿನಲ್ಲಿ "ಅಮ್ಮಾ, ಟೈಫೂನ್ ಜೋರೋ, ಹರಿಕೇನ್ ಜೋರೋ?" ಅಂತ ಕೇಳಿದೆ. "ಎರಡೂ ಒಂದೇ ಕಣೇ" ಅಂತ ಹೇಳಿ ಫೋನ್ ಇಟ್ಟುಬಿಟ್ಟೆ. ಉತ್ತರ ತಪ್ಪಲ್ಲ, ಆದರೆ ಅರ್ಧ. ಉಳಿದದ್ದು ಈ ಕಾಗದದಲ್ಲಿದೆ.

ಎಲ್ಲವೂ ಚಂಡಮಾರುತವೇ, ಹೆಸರು ಬದಲಾಗುವುದು ಜಾಗದಿಂದ ಅಷ್ಟೇ. ಅಟ್ಲಾಂಟಿಕ್‌ನಲ್ಲಿ ಇಲ್ಲವೇ ಪೂರ್ವ ಪೆಸಿಫಿಕ್‌ನಲ್ಲಿ ಹುಟ್ಟಿದರೆ ಹರಿಕೇನ್, ಪಶ್ಚಿಮ ಪೆಸಿಫಿಕ್‌ನಲ್ಲಿ ಟೈಫೂನ್, ಹಿಂದೂ ಮಹಾಸಾಗರದಲ್ಲಿ ಸೈಕ್ಲೋನ್. 1994ರಲ್ಲಿ ಜಾನ್ ಅನ್ನುವ ಹರಿಕೇನ್ ಪೆಸಿಫಿಕ್ ನಡುವಿನ ದಿನಾಂಕ ರೇಖೆ ದಾಟಿ ಪಶ್ಚಿಮಕ್ಕೆ ಹೋಗಿ ಟೈಫೂನ್ ಆಯಿತು. ಆಮೇಲೆ ಬಂದ ದಾರಿಗೇ ತಿರುಗಿ ಮತ್ತೆ ಹರಿಕೇನ್ ಆಯಿತು! ಯಾವ ಹೆಸರಿದ್ದರೂ ಅದಕ್ಕೆ ಸೌದೆ ಬೆಚ್ಚಗಿನ ಸಮುದ್ರ. ನೀರು ಸುಮಾರು 26.5 ಡಿಗ್ರಿಗಿಂತ ಜಾಸ್ತಿ ಬಿಸಿ ಇರಬೇಕು. ಅದಕ್ಕೇ ನೆಲಕ್ಕೆ ಬಂದ ಮೇಲೆ ಸೊರಗುತ್ತದೆ.

ಸುದ್ದಿಯಲ್ಲಿ ಮೊದಲು ಹೇಳುವುದು ಗಾಳಿಯ ವೇಗ. ನಾವೂ ಅದನ್ನೇ ಕೇಳುತ್ತೇವೆ. ಆದರೆ ಜನರನ್ನು ಹೆಚ್ಚು ಕೊಲ್ಲುವುದು ನೀರು.

2013ರ ನವೆಂಬರ್ 8ರಂದು ಫಿಲಿಪೀನ್ಸ್‌ಗೆ ಹೈಯಾನ್ ಟೈಫೂನ್ ಬಡಿಯಿತು. ಅಲ್ಲಿಯವರು ಅದನ್ನು ಯೋಲಾಂಡಾ ಅಂತಾರೆ. ಗಾಳಿಯ ವೇಗ ಗಂಟೆಗೆ ಸುಮಾರು 315 ಕಿ.ಮೀ. ವರ್ಷಕ್ಕೆ ಹಲವು ಟೈಫೂನ್ ಕಾಣುವ ದೇಶ ಅದು, ಗಾಳಿಗೆ ಏನು ಮಾಡಬೇಕೆಂದು ಜನಕ್ಕೆ ಗೊತ್ತು. ಈ ಸಲ 'ಸ್ಟಾರ್ಮ್ ಸರ್ಜ್' ಬರುತ್ತದೆ ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. ಅಂದರೆ ಗಾಳಿ ಸಮುದ್ರವನ್ನೇ ದಡದ ಮೇಲೆ ತಳ್ಳಿ ಬರುವುದು. ಆದರೆ ಎಷ್ಟೋ ಜನಕ್ಕೆ ಆ ಮಾತೇ ಅರ್ಥವಾಗಲಿಲ್ಲ. ಸುನಾಮಿ ಥರ ನೀರು ಬರುತ್ತೆ ಅಂದಿದ್ದರೆ ಓಡುತ್ತಿದ್ದೆವು ಅಂತ ಬದುಕುಳಿದ ಹಲವರು ಆಮೇಲೆ ಹೇಳಿದರು. ಟಕ್ಲೋಬಾನ್ ನಗರ ಇರುವುದು ಆಲಿಕೆಯಂಥ ಕೊಲ್ಲಿಯ ಕಿರಿದಾದ ತುದಿಯಲ್ಲಿ. ಒಳಗೆ ನುಗ್ಗಿದ ನೀರಿಗೆ ಮೇಲೇರುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಆಶ್ರಯ ಅಂತ ಜನ ಸೇರಿದ್ದ ಕಟ್ಟಡಗಳಿಗೂ ಅದು ನುಗ್ಗಿತು. ದೇಶದಲ್ಲಿ ಸತ್ತವರು ಕಡಿಮೆ ಅಂದರೂ 6,300. ಒಂದು ಪದ ತಿಳಿಯದೆ ಹೋದದ್ದಕ್ಕೆ ಎಷ್ಟು ಜನ ಅಂತ ಯೋಚಿಸಿದರೆ ನನಗೆ ಈಗಲೂ ಸಂಕಟವಾಗುತ್ತದೆ.

2005ರಲ್ಲಿ ಅಮೆರಿಕಕ್ಕೆ ಕತ್ರಿನಾ ಹರಿಕೇನ್ ಬಂದಾಗಲೂ ಅಷ್ಟೆ. ನ್ಯೂ ಆರ್ಲಿಯನ್ಸ್ ಮುಳುಗಿದ್ದು ನಗರವನ್ನು ಕಾಯಬೇಕಿದ್ದ ಒಡ್ಡುಗಳೇ ಒಡೆದಿದ್ದರಿಂದ. ನಗರದ ನೂರಕ್ಕೆ ಸುಮಾರು 80 ಭಾಗ ನೀರಲ್ಲಿತ್ತು. 1998ರ ಮಿಚ್ ಹರಿಕೇನ್ ಮಧ್ಯ ಅಮೆರಿಕದ ದಡಕ್ಕೆ ಬರುವಾಗ ಗಾಳಿ ತಗ್ಗಿತ್ತು. ಆದರೆ ಅದು ಜಾಗ ಬಿಟ್ಟು ಕದಲದೆ ಸುರಿಯುತ್ತಲೇ ಇತ್ತು. ಹೊಂಡುರಾಸ್, ನಿಕರಾಗುವಾಗಳಲ್ಲಿ ಗುಡ್ಡ ಕುಸಿದು, ಹೊಳೆ ಉಕ್ಕಿ ಸಾವಿರಾರು ಜನ ಸತ್ತರು.

ಬಂಗಾಳ ಕೊಲ್ಲಿಯ ಉತ್ತರ ತುದಿಯೂ ಆಲಿಕೆಯೇ. ಅದೂ ಆಳವಿಲ್ಲದ್ದು. 1970ರ ಭೋಲಾ ಚಂಡಮಾರುತದಲ್ಲಿ, ಈಗ ಬಾಂಗ್ಲಾದೇಶ ಆಗಿರುವ ಕಡೆ, ಕಡಿಮೆ ಅಂದರೂ 3 ಲಕ್ಷ ಜನ ಹೋದರು. ರಾತ್ರಿ ಹೊತ್ತು ಸಮುದ್ರ ಬಂದಿತ್ತು. 1999ರಲ್ಲಿ ಒಡಿಶಾದಲ್ಲಿ ಸುಮಾರು 10,000 ಸಾವು. ಅಲ್ಲಿಗೇ 2013ರಲ್ಲಿ ಫೈಲಿನ್ ಭಾರಿ ಜೋರಿನಲ್ಲೇ ಬಂತು. ಆದರೆ ಅದಕ್ಕೆ ಮೊದಲೇ ಸುಮಾರು 10 ಲಕ್ಷ ಜನರನ್ನು ದಡದಿಂದ ದೂರ ಕರೆದೊಯ್ದಿದ್ದರು. ಸತ್ತವರ ಲೆಕ್ಕ ನೂರನ್ನೂ ಮುಟ್ಟಲಿಲ್ಲ. ಸಮುದ್ರ ಅದೇ, ಜನ ಮಾತ್ರ ಅಲ್ಲಿರಲಿಲ್ಲ. ಮನೆ, ಬೆಳೆ, ಮರಗಳು ಹೋದವು, ಅದು ಬೇರೆ ಮಾತು.

ಕೆಲವೊಮ್ಮೆ ನೀರು ಇಳಿದ ಮೇಲೂ ಸಾವು ನಿಲ್ಲುವುದಿಲ್ಲ. 2017ರಲ್ಲಿ ಮರಿಯಾ ಹರಿಕೇನ್ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದ ಮೇಲೆ ಹಾದುಹೋದಾಗ ಸರ್ಕಾರ ಮೊದಲು ಹೇಳಿದ ಸಂಖ್ಯೆ 64. ಮರುವರ್ಷ ಅದು 2,975 ಆಯಿತು. ತಿಂಗಳುಗಟ್ಟಲೆ ಕರೆಂಟಿಲ್ಲ, ರಸ್ತೆಯಿಲ್ಲ, ಆಸ್ಪತ್ರೆ ಸಿಗಲಿಲ್ಲ. ಹಾಗೆ ಹೋದವರನ್ನು ಮೊದಲು ಯಾರೂ ಎಣಿಸಿರಲಿಲ್ಲ.

ಹೆಸರಿಂದ ಶುರುವಾದ ಮಾತು, ಹೆಸರಿನಲ್ಲೇ ಮುಗಿಸುತ್ತೇನೆ. ತೀರಾ ಹಾನಿ ಮಾಡಿದ ಚಂಡಮಾರುತದ ಹೆಸರನ್ನು ಮತ್ತೆ ಇಡುವುದಿಲ್ಲ. ಹೈಯಾನ್, ಕತ್ರಿನಾ, ಮಿಚ್, ಮರಿಯಾ ಎಲ್ಲವೂ ಪಟ್ಟಿಯಿಂದ ಹೋದವು. ಎರಡು ಹೆಸರು ಹೊತ್ತು ಸುತ್ತಿದ ಆ ಜಾನ್ ಮಾತ್ರ ಉಳಿದುಕೊಂಡಿತ್ತು. 2024ರಲ್ಲಿ ಇನ್ನೊಂದು ಜಾನ್ ಮೆಕ್ಸಿಕೊ ಮೇಲೆ ದಿನಗಟ್ಟಲೆ ಮಳೆ ಸುರಿಸಿತು. ಈಗ ಆ ಹೆಸರೂ ಇಲ್ಲ.

ನಿನ್ನ,
ಅಮ್ಮ