ಹಾಟ್‌ಸ್ಪಾಟ್ ಡೇಟಾ ನುಂಗುವುದು ಯಾರು?

ಮಾನ್ಯರೇ,

ಫೋನಿನಲ್ಲಿ ದಿನವಿಡೀ ಸಾಕಾಗುವ 2 ಜಿಬಿ ಡೇಟಾ, ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪಿಗೆ ಕೊಟ್ಟರೆ ಗಂಟೆಯೊಳಗೇ ಖಾಲಿಯಾಗುತ್ತದೆ ಎಂಬುದು ಕಾಲೇಜು ವಿದ್ಯಾರ್ಥಿಗಳ ಮಾಮೂಲಿ ದೂರು. ಸಿಮ್ ಕಂಪನಿಯವರು ಮೋಸ ಮಾಡುತ್ತಾರೆಂದು ಹಲವರು ಬೈಯುತ್ತಾರೆ. ಹೆಚ್ಚಿನ ಸಲ ಡೇಟಾ ನುಂಗುವುದು ಲ್ಯಾಪ್‌ಟಾಪೇ.

ವೈ-ಫೈ ಸಿಕ್ಕರೆ ಸಾಕು, ವಿಂಡೋಸ್ ಅದನ್ನು ಮನೆಯ ಬ್ರಾಡ್‌ಬ್ಯಾಂಡ್ ಎಂದೇ ಎಣಿಸಿ ಬಾಕಿ ಅಪ್‌ಡೇಟ್‌ಗಳನ್ನೆಲ್ಲ ಇಳಿಸಿಕೊಳ್ಳತೊಡಗುತ್ತದೆ. ವಿಂಡೋಸ್ ಜೊತೆಗೇ ಬರುವ ಆನ್‌ಲೈನ್ ಸಂಗ್ರಹ ಒನ್‌ಡ್ರೈವ್, ಫೋಟೊಗಳನ್ನು ಅಪ್‌ಲೋಡ್ ಮಾಡುತ್ತಿರುತ್ತದೆ. ಒಂದು ಆಂಡ್ರಾಯ್ಡ್ ಫೋನಿನಿಂದ ಇನ್ನೊಂದಕ್ಕೆ ಹಾಟ್‌ಸ್ಪಾಟ್ ಕೊಟ್ಟಾಗ 'ಇದು ಮಿತಿಯುಳ್ಳ ಡೇಟಾ' ಎಂಬ ಸೂಚನೆಯೂ ಜೊತೆಗೇ ಹೋಗುತ್ತದೆ. ವಿಂಡೋಸ್ ಆ ಸೂಚನೆಯನ್ನು ಓದಿಕೊಳ್ಳುವುದಿಲ್ಲ. ಮೇಲಾಗಿ ದೊಡ್ಡ ಪರದೆ. ಸಾಧಾರಣ ಸ್ಪಷ್ಟತೆಯ 480ಪಿಯಲ್ಲಿ ಗಂಟೆಗೆ ಅರ್ಧ ಜಿಬಿ ಆಸುಪಾಸು ಬೇಡುವ ಪಾಠದ ವಿಡಿಯೊ, ಹೆಚ್ಚು ಸ್ಪಷ್ಟತೆಯ 1080ಪಿಗೆ ತಾನಾಗಿ ಏರಿದರೆ ಒಂದೂವರೆ ಜಿಬಿಯನ್ನೂ ದಾಟಬಹುದು. ದಿನದ ಪಾಲು ತೀರಿದ ಮೇಲೆ ಸಿಗುವ 64 ಕೆಬಿಪಿಎಸ್ ವೇಗದಲ್ಲಿ ಒಂದು ಎಂಬಿ ಇಳಿಯಲು ಎರಡು ನಿಮಿಷಕ್ಕೂ ಹೆಚ್ಚು ಬೇಕು.

ಪರಿಹಾರಕ್ಕೆ ಖರ್ಚಿಲ್ಲ. ಹಾಟ್‌ಸ್ಪಾಟಿಗೆ ಕನೆಕ್ಟ್ ಆದ ಮೇಲೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅಲ್ಲಿ ವೈ-ಫೈ, ಅದರ ಪ್ರಾಪರ್ಟೀಸ್‌ನಲ್ಲಿ 'ಮೀಟರ್ಡ್ ಕನೆಕ್ಷನ್' (ಮಿತಿಯುಳ್ಳ ಡೇಟಾ ಸಂಪರ್ಕ) ಆನ್ ಮಾಡಬೇಕು. ಬಹುತೇಕ ಅಪ್‌ಡೇಟ್‌ಗಳು ಅಲ್ಲಿಗೇ ನಿಲ್ಲುತ್ತವೆ. ಆದರೆ ಇದು ಆ ಒಂದು ಹೆಸರಿನ ಹಾಟ್‌ಸ್ಪಾಟಿಗೆ ಮಾತ್ರ ಅನ್ವಯ. ಅಪ್ಪನ ಫೋನ್ ಬಿಟ್ಟು ಅಕ್ಕನ ಫೋನ್ ಹಿಡಿದರೆ, ಅಥವಾ ಹಾಟ್‌ಸ್ಪಾಟಿನ ಹೆಸರು ಬದಲಿಸಿದರೆ ಮತ್ತೆ ಮೊದಲಿನಿಂದ. ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಮಾಡಿದರೆ, ಅಂದರೆ ಫೋನಿನ ಇಂಟರ್ನೆಟ್ಟನ್ನು ಕೇಬಲ್ ಮೂಲಕವೇ ಕೊಟ್ಟರೆ, ಫೋನ್ ಚಾರ್ಜೂ ಆಗುತ್ತದೆ, ವೈ-ಫೈ ತಂಟೆಯೂ ಇಲ್ಲ. ಆಗ ಲ್ಯಾಪ್‌ಟಾಪಿಗೆ ಅದು 'ಈಥರ್ನೆಟ್' (ಕೇಬಲ್ ಸಂಪರ್ಕ) ಎಂದು ಕಾಣುವುದರಿಂದ ಅಲ್ಲಿಯೂ ಇದೇ ಗುಂಡಿ ಒತ್ತಬೇಕು. ವಿಡಿಯೊ ಗುಣಮಟ್ಟವನ್ನು ಮಾತ್ರ ಕೈಯಾರೆ ಇಳಿಸಬೇಕು.

ಮಲೆನಾಡಿನ ದಪ್ಪ ಗೋಡೆಯ ಮನೆಗಳಲ್ಲಿ ಇನ್ನೊಂದು ಎಡವಟ್ಟು: ಫೋನನ್ನು ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಪಕ್ಕವೇ ಇಡುತ್ತಾರೆ. ಟವರ್ ಸಿಗ್ನಲ್ ಇರುವುದು ಕಿಟಕಿಯಲ್ಲಿ. ಫೋನನ್ನು ಅಲ್ಲಿಟ್ಟು ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್ ತರಂಗಾಂತರಕ್ಕೆ (ಬ್ಯಾಂಡ್) ಬದಲಿಸಿದರೆ ಒಂದೆರಡು ಗೋಡೆ ದಾಟುತ್ತದೆ. 5 ಗಿಗಾಹರ್ಟ್ಸ್ ವೇಗವೇನೋ ಹೆಚ್ಚು, ಗೋಡೆಗೆ ಸೋಲುತ್ತದೆ. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳಿಗೆ ಅದು ಕಾಣುವುದೇ ಇಲ್ಲ.

ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಹಂಚುವ ಇಲಾಖೆಗಳು ಈ ಮೀಟರ್ಡ್ ಹೊಂದಿಕೆಯನ್ನು ಮೊದಲೇ ಮಾಡಿ ಕೊಡುವುದು ಸುಲಭವಲ್ಲ, ಪ್ರತಿ ಮನೆಯ ಹಾಟ್‌ಸ್ಪಾಟ್ ಬೇರೆ. ಕನ್ನಡದಲ್ಲಿ ಒಂದು ಪುಟದ ಸಚಿತ್ರ ಸೂಚನೆ ಮುದ್ರಿಸಿ ಡಬ್ಬಿಯೊಳಗೆ ಇಡಬಹುದಲ್ಲ?

— ಕಂಪ್ಯೂಟರ್ ಉಪನ್ಯಾಸಕ, ತೀರ್ಥಹಳ್ಳಿ