ಭಾನುವಾರ ಇಬ್ರಾಹಿಂ ರೋಜಾ: ಬರುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 8ಕ್ಕೆ ವಿಜಯಪುರದ ಇಬ್ರಾಹಿಂ ರೋಜಾ (ಈ ಊರನ್ನು ಆಳಿದ ಸುಲ್ತಾನನ ಗೋರಿ) ಗೇಟಿನ ಹತ್ತಿರ ಸೇರೋಣ. ಗೋಳಗುಮ್ಮಟ ಮಧ್ಯಾಹ್ನಕ್ಕೆ. ಅದನ್ನು ಎಲ್ಲರೂ ನೋಡಿದ್ದೀರಿ, ಅಲ್ವಾ?

ಒಂದು ವಿನಂತಿ. ಹೋದ ಕೂಡಲೇ ಫೋಟೊ ಬೇಡ. ಗೋರಿಯ ಕೋಣೆಯಲ್ಲಿ ಎರಡು ನಿಮಿಷ ಸುಮ್ನೆ ನಿಲ್ಲಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕಿಟಕಿ ನೋಡಿ. ಬರೀ ಜಾಲರಿ ಅಂದುಕೊಂಡಿದ್ದು ಅರಬ್ಬಿ ಬರಹ! ಕಲ್ಲಿನ ಅಕ್ಷರಗಳ ಸಂದಿಯಿಂದಲೇ ಬೆಳಕು ಒಳಗೆ ಬರುತ್ತದೆ. ಓದಲು ಬಾರದ ನನ್ನಂಥವರಿಗೂ ಆ ಗೆರೆಗಳ ಓಟ ಹಿಡಿಸುತ್ತದೆ.

ಕಲಾ ಇತಿಹಾಸದ ಹಳೆಯ ಪುಸ್ತಕಗಳು ಇಂಥದ್ದನ್ನು ‘ಅಲಂಕಾರ’ ಅಂತ ಮೂಲೆಗೆ ತಳ್ಳುತ್ತಿದ್ದವು. ಚಿತ್ರ, ಶಿಲ್ಪವೇ ದೊಡ್ಡ ಕಲೆ ಎಂಬುದು ಯುರೋಪಿನ ಅಳತೆ. ಇಸ್ಲಾಂ ಲೋಕದಲ್ಲಿ ಚೆಂದದ ಬರಹಕ್ಕೇ ಜಾಸ್ತಿ ಮರ್ಯಾದೆ. ಹಾಗಂತ ಚಿತ್ರ ಇರಲಿಲ್ಲ ಎಂದಲ್ಲ. ಇಲ್ಲಿ ಮಲಗಿರುವ ಎರಡನೇ ಇಬ್ರಾಹಿಂ ಆದಿಲ್‌ಶಾಹನ (ಆಳ್ವಿಕೆ 1580–1627) ಚಿತ್ರಗಳು ಬೇಕಾದಷ್ಟಿವೆ. ಸಂಗೀತದ ಹುಚ್ಚಿನ ದೊರೆ. ಕೈಯಲ್ಲಿ ಚಿಟಿಕೆ ತಾಳ ಹಿಡಿದ ಅವನ ಚಿತ್ರ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಬಸ್ಸಿನಲ್ಲಿ ತೋರಿಸುತ್ತೇನೆ.

ನೀರು, ಟೋಪಿ ಮರೆಯಬೇಡಿ. ಬರುವವರು ಗುರುವಾರದೊಳಗೆ ಇಲ್ಲೇ ಹೇಳಿ.