ಏಳು ತಲೆಮಾರಿನ ಲೆಕ್ಕವೂ ನಮ್ಮ ಮನೆಯ ಮೂರು ತಲೆಮಾರೂ

ಉಡುಪಿ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಎತ್ತಿದ ತಕರಾರಿಗೆ ಸರ್ವಿಸ್ ಬಸ್ಸಿನ ಗದ್ದಲದಲ್ಲಿ ನಿಂತುಕೊಂಡು ಉತ್ತರ ಕೊಡುವುದು ಸಾಧ್ಯವಿರಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಭಾರತದ ತೀರ ಬಡ ಕುಟುಂಬವೊಂದು ದೇಶದ ಸರಾಸರಿ ಆದಾಯವನ್ನು ಮುಟ್ಟಬೇಕಾದರೆ ಏಳು ತಲೆಮಾರು ಬೇಕೆಂದು ಒಇಸಿಡಿ ಎಂಬ, ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಆರ್ಥಿಕ ಸಂಘಟನೆ 2018ರಲ್ಲಿ ಹಾಕಿದ ಅಂದಾಜನ್ನು ಓದಿ ನೀನು ನಕ್ಕೆ. ಡೆನ್ಮಾರ್ಕಿಗೆ ಎರಡಂತೆ, ನಮಗೆ ಏಳಂತೆ. ಅಜ್ಜಿ ಬೀಡಿ ಕಟ್ಟಿದರು, ಅಮ್ಮ ಬ್ಯಾಂಕು ಸೇರಿದಳು, ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುತ್ತಾಳೆ, ಮೂರರಲ್ಲಿ ಮುಗಿದದ್ದಕ್ಕೆ ಏಳೇಕೆ, ದುಡಿದವರು ಮೇಲೆ ಬಂದೇ ಬರುತ್ತಾರೆ ಎಂದೆ. ನಾವು ದುಡಿದದ್ದು ನಿಜ. ಆದರೆ ನಮ್ಮ ಅಕ್ಕಪಕ್ಕದಲ್ಲಿ ನಮಗಿಂತ ಹೆಚ್ಚು ದುಡಿದವರು ಇದ್ದಲ್ಲಿಯೇ ಉಳಿದರು ಎಂಬುದೂ ಅಷ್ಟೇ ನಿಜವಾದ್ದರಿಂದ, ನಮ್ಮ ಮೂರು ತಲೆಮಾರಿನ ಕತೆಯನ್ನು ದುಡಿಮೆಯೊಂದರ ಖಾತೆಗೆ ಜಮಾ ಮಾಡಲು ನಾನು ಸಿದ್ಧಳಿಲ್ಲ.

ನಿನ್ನ ಅಜ್ಜ ಚಾಲಗೇಣಿ ಒಕ್ಕಲು, ಅಂದರೆ ಧಣಿ ಬಿಡೆಂದರೆ ಗದ್ದೆ ಬಿಡಬೇಕಾದ ಗೇಣಿದಾರ. ಕೊಯಿಲು ಮುಗಿದ ಮೇಲೆ ಮನೆಯ ಅಕ್ಕಿಯಲ್ಲಿ ಒಳ್ಳೆಯದನ್ನು ಆರಿಸಿ, ಬೈಹುಲ್ಲಿನ ಮುಡಿ ಕಟ್ಟಿ, ತಲೆಯ ಮೇಲೆ ಹೊತ್ತು ಧಣಿಗಳ ಅಂಗಳದಲ್ಲಿ ಇಳಿಸಬೇಕಿತ್ತು; ಮಳೆಗಾಲದ ಕೊನೆಗೆ ಅದೇ ಮನೆಯಿಂದ ಅಕ್ಕಿ ಸಾಲ ತರಬೇಕಿತ್ತು. ದೇವರಾಜ ಅರಸರ ಕಾಲದ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯ ಪ್ರಕಾರ 1974ರ ಮಾರ್ಚ್ 1ರಂದು ಗೇಣಿ ಭೂಮಿಯೆಲ್ಲ ಸರಕಾರಕ್ಕೆ ಸೇರಿತು, ಉಳುವವನು ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿ ಅದನ್ನು ತನ್ನದಾಗಿಸಿಕೊಳ್ಳುವ ಹಕ್ಕು ಪಡೆದ. ನಮ್ಮೂರಿನ ಹಿರಿಯರು ಇಂದಿಗೂ ಅದನ್ನು ಡಿಕ್ಲರೇಶನ್ ಎಂದೇ ಕರೆಯುತ್ತಾರೆ. ಧಣಿಗಳ ಮುಖ ನೋಡಿ ಅರ್ಜಿ ಹಾಕದೆ ಉಳಿದವರೂ ಇದ್ದರು. ಅಜ್ಜ ಹಾಕಿದರು. ಮುಡಿ ಹೊರುವುದು ನಿಂತ ಮೇಲೆ ಉಳಿದ ಅಕ್ಕಿಯೇ ನನ್ನನ್ನು ಹೈಸ್ಕೂಲಿಗೆ ಕಳಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಆದರೆ ಅದೇ ಗದ್ದೆಯಲ್ಲಿ ಅಜ್ಜನ ಜೊತೆ ಮೊಣಕಾಲು ಕೆಸರಿನಲ್ಲಿ ನಿಂತು ದುಡಿದ ಮೂಲದಾಳುಗಳ, ಅಂದರೆ ತಲೆತಲಾಂತರದಿಂದ ಧಣಿಗಳ ಮನೆಗೆ ಕಟ್ಟುಬಿದ್ದ ದಲಿತ ಕೂಲಿಯವರ ಕುಟುಂಬಕ್ಕೆ ಆ ಕಾಯಿದೆಯಿಂದ ಒಂದು ಸೆಂಟ್ಸ್ ನೆಲವೂ ಬರಲಿಲ್ಲ, ಏಕೆಂದರೆ ಕಾಯಿದೆ ನೋಡಿದ್ದು ಗೇಣಿದಾರನನ್ನು, ಕೂಲಿಯವನನ್ನಲ್ಲ. ಅವರ ಪಾಲಿಗೆಂದು ಬ್ರಿಟಿಷರ ಕಾಲದಿಂದ ಕಾಗದದಲ್ಲಿರುವ ಡಿ.ಸಿ. ಮನ್ನಾ ಭೂಮಿಗಾಗಿ ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಇನ್ನೂ ಅರ್ಜಿಗಳು, ಧರಣಿಗಳು ನಡೆಯುತ್ತಲೇ ಇವೆ. ಕುದ್ಮುಲ್ ರಂಗರಾಯರು 1892ರಲ್ಲೇ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು, ಅದಕ್ಕಾಗಿ ಸ್ವಂತ ಸಮುದಾಯದ ಬಹಿಷ್ಕಾರವನ್ನೂ ಎದುರಿಸಿದರು. ಶಾಲೆ ಮೊದಲು ಬಂತು, ನೆಲ ಬರಲೇ ಇಲ್ಲ. ನಮಗೆ ಎರಡೂ ಬಂದವು. ಒಇಸಿಡಿಯ ಏಳು ತಲೆಮಾರು ಒಂದು ಸರಾಸರಿ, ಮಗಳೇ. ಅದರೊಳಗೆ ನಮ್ಮ ಮೂರೂ ಇದೆ, ಆ ಮನೆಯವರ ಮುಗಿಯದ ಎಣಿಕೆಯೂ ಇದೆ.

ಆ ಅಂದಾಜಿನ ಕುರಿತು ನನ್ನದೂ ಒಂದು ಆಕ್ಷೇಪವಿದೆ, ಅದು ನಿನ್ನದಲ್ಲ. ಆ ಲೆಕ್ಕಕ್ಕೆ ಆಧಾರ ತಂದೆಯ ಗಳಿಕೆಗೂ ಮಗನ ಗಳಿಕೆಗೂ ಇರುವ ಸಂಬಂಧ. ತಾಯಿ ಮತ್ತು ಮಗಳು ಆ ಕೋಷ್ಟಕದಲ್ಲಿ ಕಾಣುವುದೇ ಇಲ್ಲ. ಅಜ್ಜಿ ಮಧ್ಯಾಹ್ನದ ಊಟವಾದ ಮೇಲೆ ಜಗಲಿಯಲ್ಲಿ ಕಾಲು ಚಾಚಿ, ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟು, ನೆನೆಸಿದ ಎಲೆಯನ್ನು ಅಚ್ಚಿನ ಅಳತೆಗೆ ಕತ್ತರಿಸುತ್ತ ಕುಳಿತರೆ ದೀಪ ಹಚ್ಚುವವರೆಗೆ ಏಳುತ್ತಿರಲಿಲ್ಲ. ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಸಾವಿರ ಬೀಡಿಗೆ ಇಷ್ಟೆಂದು ಮಜೂರಿ; ಕಟ್ಟು ಸಡಿಲವಾದದ್ದು, ಎಲೆ ಒಡೆದದ್ದು ಪಕ್ಕಕ್ಕೆ ಬೀಳುತ್ತಿತ್ತು. ಕೆಮ್ಮು, ಬೆನ್ನುನೋವು ಅವರಿಗೆ ಆ ಕೆಲಸದ ಉಳಿಕೆ. ಆದರೂ ಬೀಡಿ ಕಾರ್ಮಿಕರಿಗೆ ಪ್ರತ್ಯೇಕ ಕಾಯಿದೆ 1966ರಲ್ಲಿ ಬಂದದ್ದರಿಂದ, ಕಲ್ಯಾಣ ನಿಧಿಯ ಕಾಯಿದೆ 1976ರಲ್ಲಿ ಬಂದದ್ದರಿಂದ, ಆಮೇಲೆ ಭವಿಷ್ಯ ನಿಧಿಯೂ ಸಿಕ್ಕಿದ್ದರಿಂದ, ಮನೆಯೊಳಗೆ ಕುಳಿತು ದುಡಿಯುವ ಹೆಂಗಸಿಗೂ ತನ್ನ ಹೆಸರಿನ ಪಾಸ್‌ಬುಕ್ಕು, ಮಕ್ಕಳಿಗೆ ವಿದ್ಯಾರ್ಥಿವೇತನ ದೊರೆಯುವಂತಾಯಿತು. ನನ್ನ ಕಾಲೇಜಿನ ಪುಸ್ತಕಗಳು ಆ ವಿದ್ಯಾರ್ಥಿವೇತನದವು. ಯೂನಿಯನ್ನಿನವರು ಬಾವುಟ ಹಿಡಿದು ಮಂಗಳೂರಿಗೆ ಹೋಗಿ ಕೂಗದಿದ್ದರೆ ಅದು ಕಾಗದದಲ್ಲೇ ಉಳಿಯುತ್ತಿತ್ತೆಂದು ಅಜ್ಜಿ ಈಗಲೂ ಹೇಳುತ್ತಾರೆ.

ನಾನು ಸೇರಿದ ವೃತ್ತಿಯ ಬೇರೂ ಈ ಊರಿನ ಚಿಲ್ಲರೆ ಕಾಸಿನಲ್ಲಿದೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆಯುತ್ತಿತ್ತು. 1969ರ ರಾಷ್ಟ್ರೀಕರಣದ ನಂತರ ಹಳ್ಳಿಹಳ್ಳಿಗೆ ಶಾಖೆಗಳು ಹೋದವು, ಗುಮಾಸ್ತರು ಬೇಕಾದರು, ಬ್ಯಾಂಕ್ ನೇಮಕಾತಿಯ ಬಿಎಸ್‌ಆರ್‌ಬಿ ಪರೀಕ್ಷೆ ಬರೆದ ಬೀಡಿ ಕಾರ್ಮಿಕಳ ಮಗಳಿಗೂ ಒಂದು ಕುರ್ಚಿ ಸಿಕ್ಕಿತು. ಇಂದು ಆ ಸಿಂಡಿಕೇಟ್, ಕರಾವಳಿಯವೇ ಆದ ಕಾರ್ಪೊರೇಶನ್, ವಿಜಯ ಮೂರೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿವೆ. ಗುಮಾಸ್ತರ ಕೆಲಸವನ್ನು ನಿನ್ನಂಥವರು ಬರೆದ ಸಾಫ್ಟ್‌ವೇರ್ ಮಾಡುತ್ತದೆ. ದೂರುತ್ತಿಲ್ಲ. ನಾನು ಹತ್ತಿದ ಮೆಟ್ಟಿಲು ಈಗಿನ ಮಕ್ಕಳಿಗೆ ಇಲ್ಲವೆಂದಷ್ಟೇ ಹೇಳುತ್ತಿದ್ದೇನೆ.

ಇನ್ನು ನಿನ್ನ ಮಾವನ ಮಾತು. ಊರಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದವರು ಅಬುಧಾಬಿಗೆ ಹೋದರು. ಅಲ್ಲಿ ಓಡಿಸಿದ್ದೂ ಕಾರನ್ನೇ. ಕೈ ಅದೇ, ಕಣ್ಣು ಅದೇ, ಕೌಶಲ ಅದೇ, ಸಂಬಳ ಮಾತ್ರ ಹಲವು ಪಟ್ಟು. ಬ್ರಾಂಕೊ ಮಿಲನೊವಿಚ್ ಎಂಬ ಅರ್ಥಶಾಸ್ತ್ರಜ್ಞರು ತೋರಿಸಿದ್ದು ಇದನ್ನೇ: ಜಗತ್ತಿನ ಜನರ ಆದಾಯಗಳ ನಡುವಣ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಯಾರು ಯಾವ ದೇಶದಲ್ಲಿದ್ದಾರೆ ಎಂಬುದರಿಂದಲೇ ನಿರ್ಧಾರವಾಗುತ್ತದೆ. ಹುಟ್ಟುವ ದೇಶವನ್ನು ಯಾರೂ ದುಡಿದು ಸಂಪಾದಿಸುವುದಿಲ್ಲ. ನಮ್ಮ ಕರಾವಳಿಯ ಎಷ್ಟೋ ಹೆಂಚಿನ ಮನೆಗಳು ತಾರಸಿ ಮನೆಗಳಾದದ್ದು ಈ ವ್ಯತ್ಯಾಸದ ಹಣದಿಂದ. ಆದರೆ ಮಾವನಿಗೆ ಅಲ್ಲಿ ಪೌರತ್ವವಿಲ್ಲ, ಕೆಲಸ ಮುಗಿದ ದಿನ ವೀಸಾ ಮುಗಿಯಿತು.

ದೇಶದೇಶಗಳ ನಡುವಣ ಅಂತರ ಈಚಿನ ದಶಕಗಳಲ್ಲಿ ಕಡಿಮೆಯಾಗಿದೆ ಎಂದು ನೀನು ಹೇಳಿದ್ದು ಸರಿ. ಚೀನಾ, ಭಾರತಗಳ ಬೆಳವಣಿಗೆಯಿಂದ ಜಗತ್ತಿನ ನಡುವಿನ ಸ್ತರದವರ ಆದಾಯ ಏರಿತು. ಆದರೆ ಅದೇ ಹೊತ್ತಿಗೆ ದೇಶದೊಳಗಣ ಅಂತರ ಬೆಳೆಯಿತು. 2022ರ ವಿಶ್ವ ಅಸಮಾನತೆ ವರದಿಯ ಪ್ರಕಾರ ಜಗತ್ತಿನ ಮೇಲಿನ ಶೇ. 10 ಮಂದಿ ಒಟ್ಟು ಆದಾಯದ ಶೇ. 52ರಷ್ಟನ್ನು ಪಡೆದರೆ ಕೆಳಗಿನ ಅರ್ಧದಷ್ಟು ಜನರಿಗೆ ಸಿಗುವುದು ಶೇ. 8ರ ಆಸುಪಾಸು, ಭಾರತದಲ್ಲಿ ಮೇಲಿನ ಶೇ. 10ಕ್ಕೆ ಶೇ. 57, ಕೆಳಗಿನ ಅರ್ಧಕ್ಕೆ ಶೇ. 13. ಬೆಳವಣಿಗೆಯೊಂದೇ ಸಾಕೆನ್ನುವವರು ಅಮೆರಿಕವನ್ನು ನೋಡಬೇಕು. ಅಲ್ಲಿ 1940ರಲ್ಲಿ ಹುಟ್ಟಿದವರಲ್ಲಿ ಸುಮಾರು ಶೇ. 90 ಮಂದಿ ತಂದೆತಾಯಿಗಿಂತ ಹೆಚ್ಚು ಗಳಿಸಿದರು, 1980ರ ದಶಕದಲ್ಲಿ ಹುಟ್ಟಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ಲೆಕ್ಕ ಹಾಕಿ ನೋಡಿದಾಗ, ಈ ಕುಸಿತಕ್ಕೆ ಬೆಳವಣಿಗೆ ನಿಧಾನವಾದದ್ದಕ್ಕಿಂತ ಅದರ ಹಂಚಿಕೆ ಕೆಟ್ಟದ್ದೇ ದೊಡ್ಡ ಕಾರಣವೆಂದು ಕಂಡಿತು.

ನಮ್ಮ ಊರಿನದನ್ನೇ ನೋಡು. ಪಿಯುಸಿ ಫಲಿತಾಂಶ ಬಂದಾಗ ಉಡುಪಿ, ದಕ್ಷಿಣ ಕನ್ನಡ ಎರಡೂ ಮೇಲಿರುತ್ತವೆ, ನಾವು ಬೀಗುತ್ತೇವೆ. ಆದರೆ ನಾನು ಕಲಿತ ಸರಕಾರಿ ಶಾಲೆ ಈಗ ಮುಚ್ಚದೆ ಉಳಿದಿರುವುದು ಕೊಪ್ಪಳ, ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿಂದ. ನಿನ್ನನ್ನು ನಾವು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದೆವು, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಊರಿನ ಉಳ್ಳವರ ಮಕ್ಕಳೆಲ್ಲ ಹೋದ ಮೇಲೆ ಆ ಶಾಲೆಗೆ ಮೇಷ್ಟ್ರಿಲ್ಲವೆಂದು ತಾಲೂಕು ಕಚೇರಿಯಲ್ಲಿ ಜಗಳವಾಡುವವರು ಯಾರೂ ಉಳಿಯಲಿಲ್ಲ. ನಮ್ಮ ಪಕ್ಕದ ಸೈಟಿನಲ್ಲಿ ಕೆಲಸ ಮಾಡುವವರ ಮಗಳು ಏಳನೆಯ ತರಗತಿ. ಭಿನ್ನರಾಶಿಯ ಲೆಕ್ಕವನ್ನು ನನಗಿಂತ ಬೇಗ ಮಾಡುತ್ತಾಳೆ. ಕಟ್ಟಡ ಮುಗಿದ ಕೂಡಲೇ ಅವಳ ಶಾಲೆಯೂ ಬದಲಾಗುತ್ತದೆ. ಅವಳಿಗೆ ಡಿಕ್ಲರೇಶನ್ ಇಲ್ಲ, ಬಿಎಸ್‌ಆರ್‌ಬಿ ಇಲ್ಲ, ಒಂದೂರಿನಲ್ಲಿ ನೆಲೆ ನಿಲ್ಲುವ ಭರವಸೆಯೂ ಇಲ್ಲ. ಇವಳಿಗೆ ದುಡಿದರೆ ಮೇಲೆ ಬರುತ್ತೀ ಎಂದು ನೀನು ಎದುರು ನಿಂತು ಹೇಳಬಲ್ಲೆಯಾ?

ಸರಕಾರದ ಭಾಗ್ಯಗಳನ್ನು ನೀನು ಬಿಟ್ಟಿ ಎಂದು ಹೀಗಳೆದೆ. ಖಾಸಗಿ ಬಸ್ಸುಗಳೇ ಓಡುವ ನಮ್ಮ ಕಡೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಅಷ್ಟಾಗಿ ತಲಪಿಲ್ಲ, ಆ ಮಾತು ಬೇರೆ. ಆದರೆ ಅಜ್ಜನಿಗೆ ಗದ್ದೆ ಸಿಕ್ಕಿದಾಗಲೂ ಹಲವರು ಅದನ್ನು ಬಿಟ್ಟಿ ಎಂದೇ ಅಂದಿದ್ದರು.

ಸಂಬಳದಲ್ಲೇ ಆದಾಯ ತೆರಿಗೆ (ಟಿಡಿಎಸ್) ಕಡಿತವಾಗುವುದರ ಮೇಲಿನ ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಅದು ತಪ್ಪು ದಿಕ್ಕಿಗೆ ತಿರುಗಿದೆ. ನಮ್ಮಲ್ಲಿ ಪಿತ್ರಾರ್ಜಿತದ ಮೇಲಿನ ಎಸ್ಟೇಟ್ ಸುಂಕ 1985ರಲ್ಲಿ ಹೋಯಿತು, ಸಂಪತ್ತು ತೆರಿಗೆ 2015ರಲ್ಲಿ ರದ್ದಾಯಿತು. ಶತಕೋಟಿ ಡಾಲರಿಗೂ ಮಿಕ್ಕಿ ಆಸ್ತಿಯಿರುವ ಜಗತ್ತಿನ ಸುಮಾರು ಮೂರು ಸಾವಿರ ಮಂದಿ ತಮ್ಮ ಸಂಪತ್ತಿನ ಕನಿಷ್ಠ ಶೇ. 2ರಷ್ಟನ್ನಾದರೂ ವರ್ಷಕ್ಕೆ ತೆರಿಗೆಯಾಗಿ ಕೊಡಬೇಕೆಂದು ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಝುಕ್ಮನ್ 2024ರಲ್ಲಿ ಜಿ-20 ದೇಶಗಳ ಮುಂದಿಟ್ಟ ಪ್ರಸ್ತಾವ ಪ್ರಸ್ತಾವವಾಗಿಯೇ ಉಳಿದಿದೆ. ದುಡಿಮೆಗೆ ಬೆಲೆ ಬರಬೇಕು ಎನ್ನುವ ನೀನು, ದುಡಿಯದೆ ಕೈಸೇರುವ ಆಸ್ತಿಗೆ ಸುಂಕ ಬೇಡವೆನ್ನುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ. ಇದಕ್ಕೆ ಉತ್ತರವನ್ನು ಬರೆದೇ ಕಳಿಸು. ಫೋನಿನಲ್ಲಾದರೆ ನೀನು ನನಗೆ ಮಾತಾಡಲು ಬಿಡುವುದಿಲ್ಲ.

ನಿನ್ನ ಅಮ್ಮ